ಮಾಡುವ ಮೊದಲೇ ಹೇಳಬೇಕಾದ ಬೆಲೆ

1971ರ ಫೆಬ್ರವರಿ 4ರಂದು ರೋಲ್ಸ್-ರಾಯ್ಸ್ ದಿವಾಳಿಯೆದ್ದಿತು. ಯುದ್ಧಕಾಲದಲ್ಲಿ ಸ್ಪಿಟ್‌ಫೈರ್ ವಿಮಾನಕ್ಕೆ ಎಂಜಿನ್ ಕೊಟ್ಟು ಬ್ರಿಟನ್ನಿನ ಹೆಮ್ಮೆಯೆನಿಸಿದ್ದ ಕಂಪನಿ. ಆರ್ಡರ್‌ಗಳಿಗೇನೂ ಬರವಿರಲಿಲ್ಲ, ಮುಳುಗಿಸಿದ್ದೇ ಕೈಗೆ ಬಂದ ದೊಡ್ಡ ಆರ್ಡರ್. 1968ರಲ್ಲಿ ಅಮೆರಿಕದ ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್ ವಿಮಾನಕ್ಕೆ ಆರ್‌ಬಿ211 ಎಂಬ ಹೊಸ ಎಂಜಿನ್ನನ್ನು ನಿಗದಿತ ಬೆಲೆಗೆ ಕೊಡುತ್ತೇವೆಂದು ಅದು ಒಪ್ಪಿಕೊಂಡಿತ್ತು. ಫ್ಯಾನಿನ ಅಲಗುಗಳನ್ನು ಕಾರ್ಬನ್ ನಾರಿನಿಂದ ಮಾಡಿ ತೂಕ ಉಳಿಸುವ ಯೋಚನೆ ಇತ್ತು. 1970ರಲ್ಲಿ ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಆ ಅಲಗುಗಳು ಚೂರಾದವು. ಟೈಟಾನಿಯಂಗೆ ಮರಳಬೇಕಾಯಿತು. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಅಭಿವೃದ್ಧಿಯ ಖರ್ಚು ಮೊದಲ ಅಂದಾಜಿನ ದುಪ್ಪಟ್ಟಿನ ಹತ್ತಿರಕ್ಕೆ, ಸುಮಾರು 17 ಕೋಟಿ ಪೌಂಡಿಗೆ ಏರಿತ್ತು. ಅದನ್ನಾದರೂ ಹೇಗೋ ಹೊರಬಹುದಿತ್ತೇನೋ. ಆದರೆ ಒಂದೊಂದು ಎಂಜಿನ್ ಮಾಡಲು ತಗಲುವ ಖರ್ಚೇ ಅದರ ಮಾರಾಟ ಬೆಲೆಯಾದ 2.3 ಲಕ್ಷ ಪೌಂಡನ್ನು ಮೀರುವಂತಿತ್ತು. ಮಾರಿದಷ್ಟೂ ನಷ್ಟ. ಕೊನೆಗೆ ಸರ್ಕಾರವೇ ಕಂಪನಿಯನ್ನು ವಹಿಸಿಕೊಂಡಿತು.

ಆರ್‌ಬಿ211 ಮುಂದೆ ಬಹಳ ಒಳ್ಳೆಯ ಎಂಜಿನ್ ಎನಿಸಿಕೊಂಡಿತು. ಇಂದು ದೊಡ್ಡ ವಿಮಾನಗಳಲ್ಲಿರುವ ಟ್ರೆಂಟ್ ಎಂಜಿನ್‌ಗಳು ಅದರ ಸಂತತಿಯೇ. ಎಂಜಿನಿಯರುಗಳು ಗೆದ್ದರು. ಸೋತದ್ದು ಅಂದಾಜು.

ಈ ಅಂದಾಜನ್ನು ಹಾಕುವವರು ಯಾರು, ಹೇಗೆ ಹಾಕುತ್ತಾರೆ ಎಂಬುದರ ಬಗ್ಗೆ ಕನ್ನಡದಲ್ಲಿ ಹೆಚ್ಚು ಬರೆದದ್ದಿಲ್ಲ. ವಿಮಾನದ ಊರೆಂದೇ ಹೆಸರಾದ ಬೆಂಗಳೂರಿನಲ್ಲಿ ಇದು ವಿಚಿತ್ರವೇ. 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಇಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದರ ಸುತ್ತ ಬೆಳೆದ ಕಸುಬು ಈಗ ಪೀಣ್ಯ, ದೇವನಹಳ್ಳಿ, ಕೋಲಾರದ ನರಸಾಪುರ, ಬೆಳಗಾವಿಯ ಹತ್ತರಗಿವರೆಗೆ ಹಬ್ಬಿದೆ. ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಇಲ್ಲಿಂದ ಹೋಗುವ ಒಂದೊಂದು ಬ್ರಾಕೆಟ್, ಒಂದೊಂದು ರಿಬ್ಬಿನ ಬೆಲೆಯನ್ನೂ ಅದು ಲೋಹದ ಗಟ್ಟಿಯಾಗಿದ್ದಾಗಲೇ ಯಾರೋ ಒಬ್ಬರು ಕೂತು ಹೇಳಿರುತ್ತಾರೆ. ಅವರಿಗೆ ಕಾರ್ಖಾನೆಯಲ್ಲಿ ಎಸ್ಟಿಮೇಟರ್ ಎನ್ನುತ್ತಾರೆ. ಕೆಲವು ಕಡೆ ಕಾಸ್ಟಿಂಗ್ ಎಂಜಿನಿಯರ್, ಸಣ್ಣ ಶಾಪುಗಳಲ್ಲಿ ಮಾಲೀಕರೇ.

ಕಾಸ್ಟ್ ಅಕೌಂಟೆಂಟ್ ಮತ್ತು ಎಸ್ಟಿಮೇಟರ್ ಒಂದೇ ಎಂದು ತಿಳಿಯುವವರಿದ್ದಾರೆ. ಅಕೌಂಟೆಂಟ್ ಕೈಯಲ್ಲಿ ಬಿಲ್ಲುಗಳಿರುತ್ತವೆ, ಆಗಿಹೋದ ಖರ್ಚನ್ನು ಅವರು ವಿಂಗಡಿಸುತ್ತಾರೆ. ಎಸ್ಟಿಮೇಟರ್ ಕೈಯಲ್ಲಿರುವುದು ಡ್ರಾಯಿಂಗ್ ಮಾತ್ರ. ಗ್ರಾಹಕರ ಕಂಪನಿಯಿಂದ ಆರ್‌ಎಫ್‌ಕ್ಯೂ ಬರುತ್ತದೆ, ಅಂದರೆ ಇಂತಿಂಥ ಭಾಗಗಳಿಗೆ ನಿಮ್ಮ ದರವೇನು ಎಂದು ಕೇಳುವ ಪತ್ರ. ಅದರೊಡನೆ ಮಾಡೆಲ್ ಫೈಲುಗಳು, ವರ್ಷಕ್ಕೆ ಎಷ್ಟು ಪೀಸ್ ಬೇಕೆಂಬ ಪಟ್ಟಿ, ಉತ್ತರ ಕೊಡಬೇಕಾದ ಕೊನೆಯ ದಿನ. ಒಂದೇ ಪ್ಯಾಕೇಜಿನಲ್ಲಿ ನೂರಾರು ಪಾರ್ಟ್ ನಂಬರುಗಳಿರುವುದೂ ಉಂಟು. ಎಸ್ಟಿಮೇಟರ್ ಪ್ರತಿಯೊಂದನ್ನೂ ಮನಸ್ಸಿನಲ್ಲೇ ಒಮ್ಮೆ ಮಾಡಿ ಮುಗಿಸಬೇಕು: ಯಾವ ಗಾತ್ರದ ಪ್ಲೇಟು, ಯಾವ ಮೆಷಿನ್, ಎಷ್ಟು ಸೆಟ್ಟಿಂಗ್, ಯಾವ ಮುಖದಿಂದ ಹಿಡಿದರೆ ತೆಳುಗೋಡೆ ಅದುರುವುದಿಲ್ಲ, ಫಿಕ್ಸ್‌ಚರ್ ಬೇಕೇ, ಯಾವ ಹಂತದಲ್ಲಿ ಹೊರಗೆ ಕಳಿಸಬೇಕು. ಈ ಮಾನಸಿಕ ತಯಾರಿಕೆ ಬಾರದವರು ಎಕ್ಸೆಲ್ ಎಷ್ಟು ಬಲ್ಲವರಾದರೂ ಪ್ರಯೋಜನವಿಲ್ಲ. ಆದ್ದರಿಂದಲೇ ಒಳ್ಳೆಯ ಎಸ್ಟಿಮೇಟರುಗಳಲ್ಲಿ ಹಲವರು ಟೂಲ್‌ರೂಮಿನಿಂದ ಬಂದವರು. ಜಿಟಿಟಿಸಿ, ಎನ್‌ಟಿಟಿಎಫ್‌ನಂಥ ತರಬೇತಿ ಸಂಸ್ಥೆಗಳಲ್ಲಿ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಮೆಷಿನ್ ಮುಂದೆ ನಿಂತು, ಆಮೇಲೆ ಮೇಜಿಗೆ ಬಂದವರು.

ಒಂದು ಲೆಕ್ಕ ಮಾಡಿಯೇ ನೋಡೋಣ. ಅಂಕಿಗಳೆಲ್ಲ ಉದಾಹರಣೆಗೆಂದು ಹಿಡಿದವು. ರೆಕ್ಕೆಯೊಳಗಿನ ಒಂದು ಅಲ್ಯೂಮಿನಿಯಂ ರಿಬ್. ಮುಗಿದ ಮೇಲೆ ಅದರ ತೂಕ 1 ಕಿಲೋ, ಅದನ್ನು ಕಡೆಯುವ ಪ್ಲೇಟಿನ ತೂಕ 15 ಕಿಲೋ. ವಿಮಾನದ ಕೆಲಸದಲ್ಲಿ ಇದೇನೂ ಅತಿರೇಕವಲ್ಲ. ಕೊಂಡದ್ದಕ್ಕೂ ಹಾರುವುದಕ್ಕೂ ಇರುವ ಅನುಪಾತ ಹತ್ತಕ್ಕೊಂದು ಇರುವುದು ಮಾಮೂಲು, ಟೈಟಾನಿಯಂನಲ್ಲಿ ಇಪ್ಪತ್ತಕ್ಕೊಂದೂ ಇರುತ್ತದೆ. ಕಿಲೋಗೆ ₹900 ಹಿಡಿದರೆ ಲೋಹಕ್ಕೇ ₹13,500. ಐದು ಅಕ್ಷದ ಮೆಷಿನ್ನಿನ ಗಂಟೆ ದರ ₹2,000 ಎನ್ನೋಣ. ಒಂದು ಪೀಸಿಗೆ 3 ಗಂಟೆ, ₹6,000. ಸೆಟ್ಟಿಂಗಿಗೆ 5 ಗಂಟೆ, ಅಂದರೆ ₹10,000; ಒಂದು ಬ್ಯಾಚಿಗೆ 10 ಪೀಸಾದರೆ ತಲಾ ₹1,000. ಆನೊಡೈಸಿಂಗ್, ಪ್ರೈಮರ್, ಬಿರುಕು ಪತ್ತೆಹಚ್ಚುವ ಪೆನಿಟ್ರೆಂಟ್ ಪರೀಕ್ಷೆ ಇವಕ್ಕೆ ಲಾಟಿಗೆ ಇಷ್ಟು ಎಂದು ಕನಿಷ್ಠ ದರವಿರುತ್ತದೆ; ತಲಾ ₹800. ಅಳತೆ, ಕಾಗದಪತ್ರ, ಪ್ಯಾಕಿಂಗಿಗೆ ₹1,700. ಒಟ್ಟು ₹23,000. ಇದರ ಮೇಲೆ ಓವರ್‌ಹೆಡ್, ಲಾಭ, ಸಾಗಣೆ.

ಇದರಲ್ಲಿ ಮೆಷಿನ್ ನೋಡಿಕೊಳ್ಳುವ ಹುಡುಗನ ಪಾಲೆಷ್ಟು? ಎರಡು ಮೆಷಿನ್ನಿಗೆ ಒಬ್ಬ ಆಪರೇಟರ್, ಕಂಪನಿಗೆ ಬೀಳುವ ಖರ್ಚು ಗಂಟೆಗೆ ₹250 ಎಂದರೆ ಈ ಪೀಸಿನ ಮೇಲೆ ಅವನ ಕೂಲಿ ₹375. ನೂರಕ್ಕೆ ಎರಡೂ ಇಲ್ಲ. ಇದೇ ಕೆಲಸವನ್ನು ಯುರೋಪಿನಲ್ಲಿ ಗಂಟೆಗೆ ₹3,500 ಕೊಟ್ಟು ಮಾಡಿಸಿದರೆ ₹5,250. ವ್ಯತ್ಯಾಸ ₹4,875, ಕಡಿಮೆಯೇನಲ್ಲ. ಭಾರತದ ವಿಮಾನ ಭಾಗಗಳ ವ್ಯಾಪಾರ ಮೊದಲಿಗೆ ನಿಂತಿದ್ದು ಈ ವ್ಯತ್ಯಾಸದ ಮೇಲೆಯೇ. ಆದರೆ ಹತ್ತು ಪೀಸಿನಲ್ಲಿ ಎರಡು ಕೊನೆಯ ತಪಾಸಣೆಯಲ್ಲಿ ರಿಜೆಕ್ಟ್ ಆದವೆನ್ನಿ. ಉಳಿದ ಎಂಟು ಪೀಸು ಹತ್ತರ ಖರ್ಚನ್ನು ಹೊರಬೇಕು: ತಲಾ ₹28,750. ಏರಿಕೆ ₹5,750. ಅಗ್ಗದ ಕೂಲಿಯಿಂದ ಉಳಿಸಿದ್ದೆಲ್ಲ ಹೋಯಿತು, ಮೇಲೆ ಕೈಯಿಂದಲೂ ಹೋಯಿತು. ನಮ್ಮ ಕೈಗಾರಿಕಾ ಭಾಷಣಗಳಲ್ಲಿ ಇನ್ನೂ ಕೂಲಿಯ ಮಾತೇ ಮೇಲುಗೈ. ಎಸ್ಟಿಮೇಟರುಗಳ ಹಾಳೆಯಲ್ಲಿ ಲೋಹ, ಮೆಷಿನ್ ಗಂಟೆ, ರಿಜೆಕ್ಷನ್ ಇವೇ ದೊಡ್ಡ ಸಾಲುಗಳು. ರಿವೆಟ್ ಹೊಡೆಯುವ ಅಸೆಂಬ್ಲಿ, ಕಾಂಪೋಸಿಟ್ ಪದರಗಳನ್ನು ಕೈಯಿಂದ ಹಾಸುವ ಕೆಲಸ, ವೈರ್ ಹಾರ್ನೆಸ್ ಇಂಥವುಗಳಲ್ಲಿ ಕೂಲಿ ನಿಜಕ್ಕೂ ದೊಡ್ಡದು. ಆದರೆ ಪೀಣ್ಯದ ಮೆಷಿನ್‌ಶಾಪುಗಳ ಬಹುಪಾಲು ಕೆಲಸ ಆ ಜಾತಿಯದಲ್ಲ.

ಲೋಹದ ಸಾಲು ಯಾಕೆ ಅಷ್ಟು ದಪ್ಪ? ವಿಮಾನ ದರ್ಜೆಯ ದಪ್ಪ ಅಲ್ಯೂಮಿನಿಯಂ ಪ್ಲೇಟ್, ಟೈಟಾನಿಯಂ, ಇನ್ಕೊನೆಲ್ ಹೆಚ್ಚಾಗಿ ಹೊರಗಿಂದಲೇ ಬರಬೇಕು. ಗ್ರಾಹಕರು ಒಪ್ಪಿದ ಮಿಲ್ಲಿನದೇ ಆಗಿರಬೇಕು, ಗಟ್ಟಿಯ ಹುಟ್ಟಿನಿಂದ ಸರ್ಟಿಫಿಕೇಟ್ ಇರಬೇಕು. ಅಮೆರಿಕದ ರಕ್ಷಣಾ ವಿಮಾನಕ್ಕೆ ಹೋಗುವ ಭಾಗವಾದರೆ ಟೈಟಾನಿಯಂ ಅಲ್ಲಿಯೇ ಅಥವಾ ಆ ದೇಶ ಒಪ್ಪಿದ ದೇಶಗಳಲ್ಲಿಯೇ ಕರಗಿಸಿದ್ದಾಗಿರಬೇಕೆಂಬ ಕಾನೂನಿದೆ. ಕೇರಳದ ಚವರದಲ್ಲಿ 2011ರಿಂದ ಟೈಟಾನಿಯಂ ಸ್ಪಂಜ್ ಮಾಡುವ ಘಟಕವಿದೆ, ಹೈದರಾಬಾದಿನ ಮಿಧಾನಿ ಮಿಶ್ರಲೋಹಗಳನ್ನು ಮಾಡುತ್ತದೆ. ಇವು ಇಸ್ರೋಗೆ, ನಮ್ಮ ರಕ್ಷಣಾ ಕೆಲಸಗಳಿಗೆ ಆಸರೆ. ಬೋಯಿಂಗ್ ಡ್ರಾಯಿಂಗ್ ಹಿಡಿದು ಕೂತ ಎಸ್ಟಿಮೇಟರಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಕೂಡಲೇ ಬೋಯಿಂಗ್ ರಷ್ಯಾದ ವಿಎಸ್‌ಎಂಪಿಒ-ಅವಿಸ್ಮಾದಿಂದ ಟೈಟಾನಿಯಂ ಕೊಳ್ಳುವುದನ್ನು ನಿಲ್ಲಿಸಿತು. ಜಗತ್ತಿನ ಬಹುದೊಡ್ಡ ಟೈಟಾನಿಯಂ ತಯಾರಕರಲ್ಲಿ ಅದೂ ಒಂದು. ಆಗ ಹಳೆಯ ದರದಲ್ಲಿ ಕೋಟ್ ಕೊಟ್ಟು ಸಹಿ ಹಾಕಿದ್ದವರ ಸ್ಥಿತಿ ಹೇಗಿದ್ದಿರಬೇಕು ಎಂಬುದನ್ನು ಊಹಿಸಿಕೊಳ್ಳಬಹುದು. ಅನುಭವಿಗಳು ಕೋಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಸೇರಿಸುತ್ತಾರೆ: ಲೋಹದ ದರ ಇಷ್ಟು ದಿನ ಮಾತ್ರ ಊರ್ಜಿತ, ಡಾಲರ್ ದರ ಇಷ್ಟರ ಮೇಲೆ ಏರಿಳಿದರೆ ಮರುಮಾತುಕತೆ. ಇಡೀ ಹಾಳೆಯಲ್ಲಿ ಅತಿ ಹೆಚ್ಚು ದುಡ್ಡು ಉಳಿಸುವ ಸಾಲುಗಳು ಇವೇ ಇದ್ದಾವು. (ಕಡೆದು ಬಿದ್ದ 14 ಕಿಲೋ ಚಿಪ್ಸ್ ಮಾರಿದರೆ ಒಂದಿಷ್ಟು ಬರುತ್ತದೆ, ನಿಜ. ಬೇರೆ ಬೇರೆ ಮಿಶ್ರಲೋಹಗಳು ಒಂದೇ ತೊಟ್ಟಿಯಲ್ಲಿ ಬೆರೆತರೆ ಗುಜರಿ ದರವೇ.)

ಡ್ರಾಯಿಂಗಿನ ಗೆರೆಗಳಿಗಿಂತ ಅದರ ಮೂಲೆಯಲ್ಲಿರುವ ಟಿಪ್ಪಣಿಗಳನ್ನು ಮೊದಲು ಓದಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಒಂದು ಟಿಪ್ಪಣಿ ಒಂದು ಸ್ಪೆಸಿಫಿಕೇಶನ್ನಿನತ್ತ ಬೆರಳು ತೋರಿಸುತ್ತದೆ, ಅದು ಇನ್ನೊಂದರತ್ತ. ನಾಲ್ಕನೆಯದರಲ್ಲಿ ಕ್ಯಾಡ್ಮಿಯಂ ಲೇಪನದ ನಂತರ ಇಷ್ಟು ಗಂಟೆಯೊಳಗೆ ಒಲೆಯಲ್ಲಿಡಬೇಕು ಎಂದಿರುತ್ತದೆ. ಲೇಪನದಂಥ ವಿಶೇಷ ಪ್ರೋಸೆಸ್ಸುಗಳಿಗೆ ವಿಮಾನೋದ್ಯಮದ ನ್ಯಾಡ್‌ಕ್ಯಾಪ್ ಮಾನ್ಯತೆ ಬೇಕು, ಹಲವು ಗ್ರಾಹಕರ ಸ್ವಂತ ಒಪ್ಪಿಗೆಯೂ ಬೇಕು. ಅಂಥ ಶಾಪು ಊರಲ್ಲಿಲ್ಲದಿದ್ದರೆ ಪೀಸು ಊರೂರು ತಿರುಗಿ ಬರುತ್ತದೆ. ಮೊದಲ ಪೀಸಿನ ಕಥೆ ಬೇರೆಯೇ. ಎಎಸ್9102 ಮಾನದಂಡದ ಪ್ರಕಾರ ಡ್ರಾಯಿಂಗಿನ ಪ್ರತಿ ಅಳತೆಗೂ, ಪ್ರತಿ ಟಿಪ್ಪಣಿಗೂ ನಂಬರ್ ಕೊಟ್ಟು, ಅಳೆದು, ದಾಖಲಿಸಿ ವರದಿ ಒಪ್ಪಿಸಬೇಕು. ಶಾಪಿನ ಭಾಷೆಯಲ್ಲಿ ಬಲೂನ್ ಹಾಕುವುದು. ಪ್ರೋಗ್ರಾಂ, ಫಿಕ್ಸ್‌ಚರ್, ಈ ಮೊದಲ ವರದಿ ಎಲ್ಲ ಸೇರಿ ನಮ್ಮ ರಿಬ್ಬಿಗೆ ₹4 ಲಕ್ಷ ಒಂದಾವರ್ತಿ ಖರ್ಚು ಎಂದುಕೊಳ್ಳಿ. ಗ್ರಾಹಕರು ಐದು ವರ್ಷದಲ್ಲಿ 600 ಪೀಸು ಕೊಳ್ಳುತ್ತೇವೆ ಎಂದಿದ್ದಾರೆ. ಹಂಚಿದರೆ ತಲಾ ₹667. ಕೊಂಡದ್ದು 60 ಮಾತ್ರ ಎಂದಾದರೆ ತಲಾ ₹6,667. ಪಟ್ಟಿಯಲ್ಲಿ ಬರೆದ ಸಂಖ್ಯೆ ಆಶ್ವಾಸನೆಯಷ್ಟೇ, ಕರಾರಲ್ಲ. 2019ರಲ್ಲಿ ಬೋಯಿಂಗಿನ 737 ಮ್ಯಾಕ್ಸ್ ವಿಮಾನಗಳ ಹಾರಾಟ ನಿಂತಾಗ, ಮರುವರ್ಷ ಕೋವಿಡ್ ಬಂದಾಗ ಇದು ಹಲವರಿಗೆ ಅರ್ಥವಾಯಿತು. ಒಂದಾವರ್ತಿ ಖರ್ಚನ್ನು ಪೀಸಿನ ದರದಲ್ಲಿ ಕರಗಿಸಿ ಎಂದು ಕೊಳ್ಳುವವರು ಕೇಳುತ್ತಾರೆ. ಬೇರೆಯಾಗಿ ಮೊದಲೇ ಕೊಡಿ ಎಂದು ಎಸ್ಟಿಮೇಟರ್ ಹಟ ಹಿಡಿಯುತ್ತಾರೆ. ಈ ಹಟ ಬಿಡಬಾರದು ಎಂಬುದೇ ನನ್ನ ಅಭಿಪ್ರಾಯ.

ಇನ್ನು ಕಲಿಕೆಯ ಮಾತು. 1936ರಲ್ಲಿ ಅಮೆರಿಕದ ಕರ್ಟಿಸ್-ರೈಟ್ ಕಂಪನಿಯ ಟಿ.ಪಿ. ರೈಟ್ ವಿಮಾನದ ಖರ್ಚನ್ನು ನಿರ್ಧರಿಸುವ ಅಂಶಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಕಟ್ಟಿದ ವಿಮಾನಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಒಂದು ವಿಮಾನಕ್ಕೆ ಬೀಳುವ ಸರಾಸರಿ ಕೂಲಿ ಶೇಕಡಾ 20ರಷ್ಟು ಇಳಿಯುತ್ತದೆ ಎಂದು ಅವರು ತೋರಿಸಿದರು. ಮೊದಲನೆಯದಕ್ಕೆ 100 ಗಂಟೆಯಾದರೆ ಎರಡರ ಸರಾಸರಿ 80, ನಾಲ್ಕರದು 64, ನೂರರದು ಸುಮಾರು 23. ಎರಡನೇ ಮಹಾಯುದ್ಧದ ಬಾಂಬರ್ ಉತ್ಪಾದನೆಯ ಯೋಜನೆಯಲ್ಲೂ, ಆಮೇಲೆ ರ‍್ಯಾಂಡ್ ಸಂಸ್ಥೆಯ ಅಧ್ಯಯನಗಳಲ್ಲೂ ಈ ಕಲಿಕೆಯ ರೇಖೆ ಬೇರೂರಿತು. ಈಗ ಸೌರಫಲಕಗಳ ಬೆಲೆ ಹೇಳುವವರೂ ಇದನ್ನೇ ಬಳಸುತ್ತಾರೆ.

ರೇಖೆಯ ಅಪಾಯವೇನೆಂದರೆ ಕೊಳ್ಳುವವರೂ ಅದನ್ನು ಓದಿದ್ದಾರೆ. ದೀರ್ಘಾವಧಿ ಕರಾರಿನಲ್ಲಿ ವರ್ಷವರ್ಷವೂ ಶೇಕಡಾ ಇಷ್ಟು ಇಳಿಸಿ ಎಂಬ ಷರತ್ತು ಬರುತ್ತದೆ. ರೈಟ್ ನೋಡಿದ್ದು ಕೈಗಳು ಕಲಿಯುವುದನ್ನು. ಸಿಎನ್‌ಸಿ ಮೆಷಿನ್ನಿನ ಪ್ರೋಗ್ರಾಂ ಒಮ್ಮೆ ಪಕ್ಕಾ ಆದರೆ ಅದು ನೂರನೇ ಪೀಸಿಗೂ ಅದೇ 3 ಗಂಟೆ ತೆಗೆದುಕೊಳ್ಳುತ್ತದೆ; ಅಲ್ಲಿ ಉಳಿಯುವ ಕಲಿಕೆ ಸೆಟ್ಟಿಂಗಿನಲ್ಲಿ, ರಿಜೆಕ್ಷನ್ ಇಳಿಸುವುದರಲ್ಲಿ. ಲೋಹಕ್ಕಂತೂ ಕಲಿಕೆಯೇ ಇಲ್ಲ. ಆದ್ದರಿಂದ ರೇಖೆಯನ್ನು ಇಡೀ ಬೆಲೆಗೆ ಹಚ್ಚುವುದು ತಪ್ಪು, ಅದರ ಒಂದು ಹೋಳಿಗೆ ಮಾತ್ರ ಹಚ್ಚಬೇಕು.

ಈ ರೇಖೆಯ ಕಣ್ಣಿನಿಂದ ನೋಡಬೇಕಾದ ಒಂದು ರಾಷ್ಟ್ರೀಯ ಜಗಳವೂ ನಮ್ಮಲ್ಲಿದೆ. 126 ರಫೇಲ್ ಯುದ್ಧವಿಮಾನಗಳ ಹಳೆಯ ಯೋಜನೆಯಲ್ಲಿ 108ನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟಬೇಕಿತ್ತು. ಅದು ಮುರಿದುಬಿದ್ದು 2016ರಲ್ಲಿ 36 ವಿಮಾನಗಳನ್ನು ನೇರವಾಗಿ ಕೊಳ್ಳುವ ಒಪ್ಪಂದವಾಯಿತು. 2018ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ಪ್ರಕರಣದಲ್ಲಿ ನೀಡಿದ ವಿವರಣೆಯಲ್ಲಿ, ಎಚ್‌ಎಎಲ್‌ಗೆ ಫ್ರಾನ್ಸಿಗಿಂತ 2.7 ಪಟ್ಟು ಹೆಚ್ಚು ಮಾನವ-ಗಂಟೆಗಳು ಬೇಕಾಗುತ್ತಿದ್ದವು ಎಂದಿತ್ತು. ಅದನ್ನು ಕೆಲವರು ಎಚ್‌ಎಎಲ್‌ನ ಸೋಮಾರಿತನಕ್ಕೆ ಸಾಕ್ಷಿಯೆಂದು ಓದಿದರು, ಕೆಲವರು ಪಿತೂರಿಯೆಂದರು. ಎಸ್ಟಿಮೇಟರ್ ಕೇಳುವ ಪ್ರಶ್ನೆ ಬೇರೆ: ಎಷ್ಟನೇ ವಿಮಾನಕ್ಕೆ 2.7? ರೈಟರ ಶೇಕಡಾ 80ರ ರೇಖೆಯಲ್ಲಿ 22 ವಿಮಾನ ಮುಗಿಯುವಷ್ಟರಲ್ಲೇ ಸರಾಸರಿ ಗಂಟೆಗಳು ಮೊದಲನೆಯದರ 2.7ನೇ ಒಂದು ಭಾಗಕ್ಕೆ ಇಳಿದಿರುತ್ತವೆ. ಫ್ರಾನ್ಸಿನ ಉತ್ಪಾದನಾ ಸಾಲು ಅಷ್ಟು ಹೊತ್ತಿಗೆ ಎಷ್ಟೋ ವರ್ಷಗಳಿಂದ ಓಡುತ್ತಿತ್ತು, ಬೆಂಗಳೂರಿನದು ಇನ್ನೂ ಹುಟ್ಟಿರಲಿಲ್ಲ. 2.7ರ ಪೂರ್ತಿ ವಿವರಣೆ ಇದೇ ಎಂದು ನಾನು ಹೇಳುತ್ತಿಲ್ಲ. 108 ವಿಮಾನಗಳ ಉದ್ದಕ್ಕೂ ಅದೇ ಗುಣಕ ಹಿಡಿದಿದ್ದರೆ ಅದು ಕಠೋರವೇ. ಯಾವ ಸಂಖ್ಯೆಯ ವಿಮಾನ ಎಂದು ಹೇಳದೆ ಗಂಟೆಗಳನ್ನು ಹೋಲಿಸುವುದಕ್ಕೆ ಮಾತ್ರ ಅರ್ಥವಿಲ್ಲ. ಆ ಚರ್ಚೆಯ ಗದ್ದಲದಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಕೇಳಿಸಲೇ ಇಲ್ಲ.

ಡ್ರಾಯಿಂಗೇ ಇಲ್ಲದಾಗ ಇಡೀ ವಿಮಾನದ ಬೆಲೆ ಹೇಳುವ ಇನ್ನೊಂದು ದಾರಿಯಿದೆ: ಹಳೆಯ ವಿಮಾನಗಳ ತೂಕ, ವೇಗ, ಸಂಖ್ಯೆ ಇವುಗಳಿಂದ ಸಮೀಕರಣ ಕಟ್ಟಿ ಹೊಸದರ ಖರ್ಚು ಹೇಳುವುದು. ರಕ್ಷಣಾ ಇಲಾಖೆಗಳಿಗೆ, ನಾಸಾದಂಥ ಸಂಸ್ಥೆಗಳಿಗೆ ಇದು ಬೇಕು. ಮೆಷಿನ್‌ಶಾಪಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ.

ಲೆಕ್ಕ ಸರಿಯಾಗಿದ್ದೂ ಬೆಲೆ ತಪ್ಪಾಗುವುದು ಹೆಚ್ಚು. ಎಸ್ಟಿಮೇಟರ್ ಕೊಟ್ಟ ಸಂಖ್ಯೆ ಮೇಲಿನ ಕೋಣೆಗೆ ಹೋಗುತ್ತದೆ. ಅಲ್ಲಿ ಆರ್ಡರ್ ಬೇಕೇಬೇಕು ಎನ್ನುವವರು ಕೂತಿರುತ್ತಾರೆ. ಈ ಪ್ಯಾಕೇಜಿನಲ್ಲಿ ಬಿಟ್ಟರೂ ಮುಂದಿನದರಲ್ಲಿ ಹಿಡಿಯೋಣ ಎಂಬ ಮಾತು ಬರುತ್ತದೆ. ವಿಮಾನದ ಕರಾರುಗಳು ಹತ್ತು ವರ್ಷವೂ ಇರುತ್ತವಾದ್ದರಿಂದ ಆ ಮುಂದಿನದು ಬರುವಷ್ಟರಲ್ಲಿ ಮಾತಾಡಿದವರು ನಿವೃತ್ತರಾಗಿರುತ್ತಾರೆ. 2014ರ ಕೊನೆಯಲ್ಲಿ ಅಮೆರಿಕದ ಸ್ಪಿರಿಟ್ ಏರೋಸಿಸ್ಟಮ್ಸ್, ತನಗೆ ನಷ್ಟ ತರುತ್ತಿದ್ದ ಗಲ್ಫ್‌ಸ್ಟ್ರೀಮ್ ಜೆಟ್‌ಗಳ ರೆಕ್ಕೆ ಮಾಡುವ ಕೆಲಸವನ್ನು ಟ್ರಯಂಫ್ ಕಂಪನಿಗೆ ವಹಿಸಿಕೊಟ್ಟಿತು. ವಹಿಸಿಕೊಂಡದ್ದಕ್ಕಾಗಿ 16 ಕೋಟಿ ಡಾಲರನ್ನೂ ಕೊಟ್ಟಿತು. ಕೆಲಸ ಕೊಟ್ಟು ಹಣವನ್ನೂ ಕೊಡುವ ವ್ಯಾಪಾರ! ಬೋಯಿಂಗ್ 2011ರಲ್ಲಿ ಕೆಸಿ-46 ಎಂಬ, ಹಾರಾಟದಲ್ಲೇ ಇಂಧನ ತುಂಬುವ ವಿಮಾನದ ಅಭಿವೃದ್ಧಿಯನ್ನು 490 ಕೋಟಿ ಡಾಲರ್ ಮಿತಿಯ ನಿಗದಿತ ಬೆಲೆಗೆ ಒಪ್ಪಿಕೊಂಡಿತು; ಆ ಕಾರ್ಯಕ್ರಮದಲ್ಲಿ ಅದು ಈವರೆಗೆ ಕಂಡ ನಷ್ಟ 700 ಕೋಟಿ ಡಾಲರನ್ನೂ ದಾಟಿದೆ. ಟೆಂಡರ್ ಗೆದ್ದವರೇ ಸೋತವರಾಗುವ ಈ ಸಂಗತಿಯನ್ನು ಅರ್ಥಶಾಸ್ತ್ರಜ್ಞರು ಗೆದ್ದವರ ಶಾಪ ಎನ್ನುತ್ತಾರೆ. ಹಲವರು ಅಂದಾಜು ಹಾಕಿದಾಗ ಗೆಲ್ಲುವವನು ಸಾಮಾನ್ಯವಾಗಿ ಏನನ್ನೋ ಮರೆತವನು.

ಖರ್ಚು ಎಷ್ಟಾದರೂ ಅದರ ಮೇಲೆ ಲಾಭ ಸೇರಿಸಿ ಕೊಡುವ ಪದ್ಧತಿಯಲ್ಲಿ ಈ ಭಯವಿಲ್ಲ, ಬೇರೆ ರೋಗವಿದೆ. ಅಲ್ಲಿ ಅಂದಾಜನ್ನು ಕಡಿಮೆ ಹೇಳಿ ಯೋಜನೆಗೆ ಮಂಜೂರಾತಿ ಪಡೆಯುವುದು ಎಲ್ಲರಿಗೂ ಅನುಕೂಲ. ಕರಾರು ಯಾವ ಬಗೆಯದಾದರೂ ಏರಿದ ಖರ್ಚನ್ನು ಬಾಯಿಬಿಟ್ಟು ಹೇಳುವವರ ಪಾಡು ಸುಲಭದ್ದಲ್ಲ. 1968ರಲ್ಲಿ ಅಮೆರಿಕದ ವಾಯುಪಡೆಯ ಅಧಿಕಾರಿ ಅರ್ನೆಸ್ಟ್ ಫಿಟ್ಜ್‌ಜೆರಾಲ್ಡ್ ಸಿ-5ಎ ಸಾಗಣೆ ವಿಮಾನದ ಖರ್ಚು ಸುಮಾರು 200 ಕೋಟಿ ಡಾಲರ್ ಏರಲಿದೆ ಎಂದು ಸಂಸತ್ ಸಮಿತಿಯ ಮುಂದೆ ಒಪ್ಪಿಕೊಂಡರು. ಬಹುಮಾನವಾಗಿ ಅವರ ಹುದ್ದೆಯೇ ರದ್ದಾಯಿತು. ಮರಳಿ ಪಡೆಯಲು ವರ್ಷಗಟ್ಟಲೆ ಹೋರಾಡಿದರು. ಖರ್ಚು ಮಿತಿ ದಾಟಿದರೆ ಸಂಸತ್ತಿಗೆ ಹೇಳಲೇಬೇಕೆಂಬ ನನ್-ಮೆಕರ್ಡಿ ಕಾನೂನು ಅಲ್ಲಿ ಬಂದದ್ದು 1982ರಲ್ಲಿ.

ಈಗ ಮೇಜಿನ ಆಚೆ ಬದಿಯಲ್ಲೂ ಎಸ್ಟಿಮೇಟರುಗಳಿದ್ದಾರೆ. ಕೊಳ್ಳುವ ಕಂಪನಿ ತಾನೇ ಲೆಕ್ಕ ಹಾಕಿ, ಈ ಭಾಗಕ್ಕೆ ಇಷ್ಟೇ ಆಗಬೇಕು ಎಂಬ ಸಂಖ್ಯೆಯನ್ನು ಮುಂದಿಟ್ಟುಕೊಂಡು ಮಾತಿಗೆ ಕೂರುತ್ತದೆ. ಇದನ್ನು ಶುಡ್-ಕಾಸ್ಟ್ ಎನ್ನುತ್ತಾರೆ. ಆ ಲೆಕ್ಕ ಹಾಕುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2019ರ ಅಮೆರಿಕದ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿ ನೋಡಬೇಕು: ಟ್ರಾನ್ಸ್‌ಡೈಮ್ ಕಂಪನಿಯಿಂದ ಕೊಂಡ ಬಿಡಿಭಾಗಗಳಲ್ಲಿ ಪರಿಶೀಲಿಸಿದ 47ರಲ್ಲಿ 46ಕ್ಕೆ ವಿಪರೀತ ಲಾಭ ಸಂದಿತ್ತು, ಒಟ್ಟು 1.61 ಕೋಟಿ ಡಾಲರ್. ಕಂಪನಿ ಆಮೇಲೆ ಆ ಹಣವನ್ನು ಮರಳಿಸಿತು. ನಮಗೆ ಕುತೂಹಲದ ಸಂಗತಿಯೆಂದರೆ ಇಂಥ ಶುಡ್-ಕಾಸ್ಟ್ ಕೆಲಸದ ಒಂದಿಷ್ಟು ಪಾಲು ಬೆಂಗಳೂರಿನ ಎಂಜಿನಿಯರಿಂಗ್ ಕೇಂದ್ರಗಳಲ್ಲೇ ನಡೆಯುತ್ತದೆ. ಅಂದರೆ ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ ಕೂತವರೊಬ್ಬರು ಪೀಣ್ಯದ ಶಾಪಿನ ಬೆಲೆಯನ್ನು ಇಳಿಸಲು ಲೆಕ್ಕ ಹಾಕುತ್ತಿರಬಹುದು. ಇಬ್ಬರೂ ಒಂದೇ ಪಾಲಿಟೆಕ್ನಿಕ್ಕಿನಲ್ಲಿ ಓದಿದವರಿದ್ದರೂ ಆಶ್ಚರ್ಯವಿಲ್ಲ. ಸಂಬಳ ಮಾತ್ರ ಒಂದೇ ಆಗಿರುವ ಸಾಧ್ಯತೆ ಕಡಿಮೆ.

ಶುಡ್-ಕಾಸ್ಟ್ ಸಂಖ್ಯೆಗೂ ಮಿತಿಯಿದೆ. ಅದು ಆದರ್ಶ ಶಾಪಿನ ಬೆಲೆ: ಕರೆಂಟ್ ಹೋಗುವುದಿಲ್ಲ, ಪ್ಲೇಟಿಂಗಿನವರು ಹೇಳಿದ ದಿನಕ್ಕೇ ಕೊಡುತ್ತಾರೆ, ಯಾವ ಪೀಸೂ ಅಳತೆ ತಪ್ಪುವುದಿಲ್ಲ. ಆ ಆದರ್ಶದಿಂದ ತಮ್ಮ ಶಾಪು ಎಷ್ಟು ದೂರವಿದೆ, ಯಾವ ಕಾರಣಕ್ಕೆ ದೂರವಿದೆ ಎಂದು ಗಂಟೆ, ಕಿಲೋ ಲೆಕ್ಕದಲ್ಲಿ ತೋರಿಸಬಲ್ಲ ಎಸ್ಟಿಮೇಟರ್ ಮಾತುಕತೆಯಲ್ಲಿ ನಿಲ್ಲುತ್ತಾರೆ. ನಮಗೆ ಇಷ್ಟು ಬೀಳುತ್ತದೆ ಸಾರ್ ಎಂದಷ್ಟೇ ಹೇಳುವವರಿಗೆ ನಿಲ್ಲಲಾಗುವುದಿಲ್ಲ.

ಮಾಡೆಲ್ ಫೈಲು ಹಾಕಿದರೆ ಸೈಕಲ್ ಟೈಮ್ ಹೇಳುವ ಸಾಫ್ಟ್‌ವೇರುಗಳು ಬಂದಿವೆ. ಹಳೆಯ ಕೋಟುಗಳಿಂದ ಕಲಿತು ದರ ಸೂಚಿಸುವವೂ ಬರುತ್ತಿವೆ. ಲೋಹ ಕಡೆಯುವ ಸಮಯವನ್ನು ಅವು ಚೆನ್ನಾಗಿಯೇ ಹೇಳುತ್ತವೆ, ಆ ಬೇಸರದ ಕೆಲಸ ಮನುಷ್ಯರಿಂದ ತಪ್ಪಿದರೆ ಒಳ್ಳೆಯದೇ. ನನ್ನ ತಕರಾರು ಇನ್ನೊಂದು ಕಡೆಯದು. ಹಳೆಯ ಕೋಟುಗಳು ನಾವು ಹೇಳಿದ ಬೆಲೆಗಳು ಮಾತ್ರ. ನಿಜಕ್ಕೂ ಎಷ್ಟು ಗಂಟೆ ಹಿಡಿಯಿತು, ಎಷ್ಟು ಪೀಸು ಕೆಟ್ಟಿತು ಎಂಬುದು ಶಾಪಿನ ರಿಜಿಸ್ಟರಿನಲ್ಲೋ ಸೂಪರ್‌ವೈಸರ್ ನೆನಪಿನಲ್ಲೋ ಇರುತ್ತದೆ. ಬಹಳ ಕಡೆ ಅದು ಎಸ್ಟಿಮೇಟರ್ ಮೇಜಿಗೆ ಹಿಂತಿರುಗುವುದೇ ಇಲ್ಲ. ಆರ್ಡರ್ ಬಂದಿತೋ ಇಲ್ಲವೋ ಎಂಬುದಷ್ಟೇ ಅವರಿಗೆ ತಿಳಿಯುತ್ತದೆ. ಪ್ರತಿ ಪಾರ್ಟ್ ನಂಬರಿನ ಎದುರು ಅಂದಾಜಿನ ಗಂಟೆ, ಹಿಡಿದ ಗಂಟೆ ಎರಡನ್ನೂ ಅಕ್ಕಪಕ್ಕ ಬರೆಯುವ ಒಂದು ಹಾಳೆಗೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಪ್ರೊಡಕ್ಷನ್ನಿನವರು ನಿಜ ಹೇಳಬೇಕು, ಹೇಳಿದವರನ್ನು ಮ್ಯಾನೇಜ್‌ಮೆಂಟ್ ಬೈಯಬಾರದು.